ಮೂಲೆಯಲ್ಲಿ ಕುಳಿತ ಹಳೆಯ ಸಿಲಿಂಡರ್



ಅಡುಗೆ ಅನಿಲದ ಸುರಕ್ಷತೆ ಎಂದ ಕೂಡಲೇ ಮಾತು ಉರಿಯುವ ಒಲೆಯ ಸುತ್ತ ತಿರುಗುತ್ತದೆ. ಹಾಲು ಉಕ್ಕಿ ಬೆಂಕಿ ಆರಿತು, ನಾಬ್ ತಿರುಗಿಸಲು ಮರೆತರು, ಪೈಪನ್ನು ಇಲಿ ಕಡಿಯಿತು ಎನ್ನುತ್ತೇವೆ. ಇವೆಲ್ಲ ಹೇಳಲೇಬೇಕಾದ ಮಾತುಗಳು, ಮತ್ತೆ ಮತ್ತೆ ಹೇಳಿದರೂ ತಪ್ಪಿಲ್ಲ. ಆದರೆ ಇವತ್ತು ನಾನು ಒಲೆಗೆ ಜೋಡಿಸದೇ ಇರುವ ಸಿಲಿಂಡರಿನ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಅಟ್ಟದ ಮೇಲೋ ಮೆಟ್ಟಿಲ ಕೆಳಗೋ ಹಿತ್ತಿಲ ಕೊಟ್ಟಿಗೆಯಲ್ಲೋ ವರ್ಷಗಟ್ಟಲೆ ಕುಳಿತಿರುವ, ಯಾರೂ ಮುಟ್ಟದ, ತುಕ್ಕು ಹಿಡಿದ ಹಳೆಯ ಸಿಲಿಂಡರ್ ಅದು. ಅನಿಲ ಸುರಕ್ಷತೆಯ ತರಬೇತಿ ಕೊಡುತ್ತಾ ಊರೂರು ಸುತ್ತಿದ ನನಗೆ, ಉರಿಯುವ ಒಲೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಈ ಮೂಲೆಯ ಸಿಲಿಂಡರೇ. ಒಲೆಯ ಮೇಲೆ ಮನೆಯವರ ಕಣ್ಣಿರುತ್ತದೆ. ಇದರ ಮೇಲೆ ಯಾರ ಕಣ್ಣೂ ಇರುವುದಿಲ್ಲ.

ಇವು ಎಲ್ಲಿಂದ ಬಂದವು ಎಂದು ಕೇಳಿದರೆ ಪ್ರತಿ ಮನೆಯಲ್ಲೂ ಒಂದು ಕಥೆ. ಅಪ್ಪನ ಹೆಸರಿನಲ್ಲಿ ಸಂಪರ್ಕವಿತ್ತು, ಅಪ್ಪ ತೀರಿಕೊಂಡರು, ಮಗ ತನ್ನ ಹೆಸರಿಗೆ ಹೊಸದು ತೆಗೆದುಕೊಂಡ, ಹಳೆಯದು ಉಳಿಯಿತು. ಹೋಟೆಲ್ ನಡೆಸುತ್ತಿದ್ದರು, ಮುಚ್ಚಿದರು, 19 ಕೆಜಿಯ ದೊಡ್ಡ ಸಿಲಿಂಡರ್ ಗೋಡೌನಿನಲ್ಲಿ ಉಳಿಯಿತು. ಬಾಡಿಗೆಗೆ ಇದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರು, ಸಿಲಿಂಡರ್ ಬಿಟ್ಟುಹೋದರು. ಊರಮನೆಗೆ ಬೀಗ ಹಾಕಿ ಮಕ್ಕಳ ಜೊತೆ ಬೆಂಗಳೂರು ಸೇರಿದರು, ಅಡುಗೆಮನೆಯಲ್ಲಿ ಅರ್ಧ ಗ್ಯಾಸ್ ಇದ್ದ ಸಿಲಿಂಡರ್ ರೆಗ್ಯುಲೇಟರ್ ಸಮೇತ ಹಾಗೇ ನಿಂತಿದೆ. ಇಂಡೇನ್‌ನ ಮೊದಲ ಸಂಪರ್ಕ ಕೊಲ್ಕತ್ತದಲ್ಲಿ ಕೊಟ್ಟದ್ದು 1965ರಲ್ಲಿ. ಆಮೇಲೆ ದಶಕಗಳ ಕಾಲ ಗ್ಯಾಸ್ ಎಂದರೆ ಪೇಟೆಯ ಮನೆಗಳ ಸೌಲಭ್ಯ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಕಾಡಂಚಿನ ಮನೆಗಳಿಗೂ ಸಿಲಿಂಡರ್ ತಲುಪಿತು. ತಲುಪಿದ್ದು ತುಂಬಾ ಒಳ್ಳೆಯದಾಯಿತು. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡ ತಾಯಂದಿರನ್ನು ನೋಡಿದ ಯಾರೂ ಇದಕ್ಕೆ ಎರಡು ಮಾತಾಡುವುದಿಲ್ಲ. ಆದರೆ ಸಿಲಿಂಡರ್ ಮನೆಗೆ ತರುವುದು ಹೇಗೆಂದು ನಾವು ಕಲಿಸಿದಷ್ಟು, ಅದನ್ನು ಹಿಂದಿರುಗಿಸುವುದು ಹೇಗೆಂದು ಕಲಿಸಲಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "ಅದು ಖಾಲಿ ಸಿಲಿಂಡರ್" ಎನ್ನುತ್ತೇವಲ್ಲ, ಖಾಲಿ ಎನ್ನುವುದೇ ಇಲ್ಲ. ಒಲೆಯ ಉರಿ ಆರಿದಾಗ ಆಗುವುದು ಇಷ್ಟೇ: ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಹತ್ತಿರಕ್ಕೆ ಇಳಿಯುತ್ತದೆ, ಗ್ಯಾಸ್ ಹೊರಗೆ ಬರಲು ಬಲ ಸಾಲುವುದಿಲ್ಲ. ನಮ್ಮ ಮನೆಯ 14.2 ಕೆಜಿ ಸಿಲಿಂಡರಿನ ಹೊಟ್ಟೆಯಲ್ಲಿ 33 ಲೀಟರಿಗೂ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಅಷ್ಟೂ ಜಾಗದಲ್ಲಿ ಆಗಲೂ ಗ್ಯಾಸೇ ತುಂಬಿರುತ್ತದೆ. ತಳದಲ್ಲಿ ಸ್ವಲ್ಪ ದ್ರವವೂ ಉಳಿದಿರಬಹುದು. ಎಲ್‌ಪಿಜಿ ಎನ್ನುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಪ್ರೊಪೇನ್ ಬೇಗ ಆವಿಯಾಗಿ ಹೋಗುತ್ತದೆ, ಭಾರದ ಅಂಶ ಹಿಂದೆ ಉಳಿಯುತ್ತದೆ. ಚಳಿಗಾಲದ ಬೆಳಗ್ಗೆ ಸತ್ತಂತಿದ್ದ ಸಿಲಿಂಡರ್ ಮಾರ್ಚ್‌ನ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕಾದಾಗ ಮತ್ತೆ ಒತ್ತಡ ಕಟ್ಟಿಕೊಳ್ಳುತ್ತದೆ. ವಾಲ್ವ್ ಸಡಿಲವಾಗಿದ್ದರೆ ಸೋರಲು ಶುರು.

ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಹೊಗೆಯ ಹಾಗೆ ಮೇಲಕ್ಕೆ ಹೋಗಿ ಹೆಂಚಿನ ಸಂದಿಯಿಂದ ತಪ್ಪಿಸಿಕೊಳ್ಳುತ್ತದೆ ಎಂದುಕೊಂಡಿರುವವರು ಬಹಳ. ಎಲ್‌ಪಿಜಿ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೆಲ ಹಿಡಿದು ಹರಿಯುತ್ತದೆ, ಬಾಗಿಲ ಕೆಳಗಿನ ಸಂದಿಯಲ್ಲಿ ನುಸುಳಿ ಪಕ್ಕದ ಕೋಣೆಗೆ ಹೋಗುತ್ತದೆ, ಬಚ್ಚಲಿನ ತೂಬಿನಲ್ಲಿ ಇಳಿಯುತ್ತದೆ, ಚರಂಡಿಯಲ್ಲಿ ಸಾಗುತ್ತದೆ, ಗುಂಡಿಯಲ್ಲೋ ನೆಲಮಾಳಿಗೆಯಲ್ಲೋ ಮಡುಗಟ್ಟಿ ಕೂರುತ್ತದೆ. ಕಿಟಕಿ ತೆರೆದಿದೆ ಎಂದು ನಾವು ನೆಮ್ಮದಿಯಿಂದ ಇದ್ದರೆ, ಗ್ಯಾಸ್ ಕಿಟಕಿಯ ಕೆಳಗೇ ಇರುತ್ತದೆ. ಒಂದು ಲೀಟರ್ ದ್ರವ ಹೊರಬಿದ್ದರೆ ಸುಮಾರು 250 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಕಿಡಿಗೆ ಹತ್ತಿಕೊಳ್ಳುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂದು ಕೆಜಿ ಗ್ಯಾಸ್ ಆಯಿತು. ಅದೂ ಕೋಣೆಯ ತುಂಬ ಸಮವಾಗಿ ಹರಡಿದರೆ. ನೆಲದ ಮೇಲೆ ಮೊಣಕಾಲೆತ್ತರಕ್ಕೆ ನಿಂತರೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ದೇವರ ಮುಂದಿನ ದೀಪ ನೆಲದ ಹತ್ತಿರ ಇರುತ್ತದೆ ಎನ್ನುವುದನ್ನು ಇದರ ಜೊತೆ ಸೇರಿಸಿ ನೋಡಿ.

ಹುಬ್ಬಳ್ಳಿಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಅಯ್ಯಪ್ಪ ಮಾಲೆ ಹಾಕಿದ್ದ ಭಕ್ತರು ಮಲಗಿದ್ದ ಜಾಗದಲ್ಲಿ ರಾತ್ರಿ ಹೊತ್ತು ಗ್ಯಾಸ್ ಸೋರಿ ಬೆಂಕಿ ಹೊತ್ತಿಕೊಂಡಿತು. ಸುಟ್ಟಗಾಯಗಳಾಗಿ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ವ್ರತದಲ್ಲಿದ್ದವರು, ನೆಲದ ಮೇಲೆ ಮಲಗಿದ್ದವರು. ಆ ಮನೆಗಳ ದುಃಖವನ್ನು ಉದಾಹರಣೆಯಾಗಿ ಬಳಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಆದರೂ ಇಲ್ಲಿ ಹೇಳಿದ್ದೇನೆ, ಏಕೆಂದರೆ ಜನ ಮಲಗುವ ಕೋಣೆಯಲ್ಲಿ ಸಿಲಿಂಡರ್ ಇಡಬಾರದೆಂಬ ಮಾತು ಇನ್ನೂ ಎಷ್ಟೋ ಭಜನಾ ಮಂದಿರಗಳಿಗೆ, ಕಟ್ಟಡ ಕೆಲಸದವರ ಶೆಡ್ಡುಗಳಿಗೆ, ಹುಡುಗರ ರೂಮುಗಳಿಗೆ ತಲುಪಿಲ್ಲ.

"ವಾಸನೆ ಬರುತ್ತದಲ್ಲ, ಗೊತ್ತಾಗುತ್ತದೆ ಬಿಡಿ" ಎಂದು ಹೇಳುವವರಿದ್ದಾರೆ. ಆ ವಾಸನೆ ಗ್ಯಾಸಿನದಲ್ಲ. ಎಲ್‌ಪಿಜಿಗೆ ತನ್ನದೇ ಆದ ಅಂಥ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲಿ ಎಂದು ಈಥೈಲ್ ಮರ್‌ಕ್ಯಾಪ್ಟನ್ ಎಂಬ ಗಂಧಕದ ವಸ್ತುವನ್ನು ಒಂದಿಷ್ಟು ಬೆರೆಸುತ್ತಾರೆ. 1937ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಕಟ್ಟಡದ ಅಡಿಯಲ್ಲಿ ಸೋರಿ ತುಂಬಿಕೊಂಡಿತ್ತು. ಅದು ಸಿಡಿದು ಸುಮಾರು 300 ಜನ ಸತ್ತರು, ಬಹುಪಾಲು ಮಕ್ಕಳು. ಅನಿಲಕ್ಕೆ ವಾಸನೆ ಸೇರಿಸಲೇಬೇಕೆಂಬ ಕಾನೂನು ಅಲ್ಲಿ ಬಂದದ್ದು ಆ ಮಕ್ಕಳ ಸಾವಿನ ಬೆನ್ನಿಗೆ. ಬೆಂಕಿ ಹತ್ತಿಕೊಳ್ಳುವ ಪ್ರಮಾಣದ ಐದನೇ ಒಂದು ಪಾಲು ಇರುವಾಗಲೇ ಮೂಗಿಗೆ ಹೊಡೆಯಬೇಕು ಎನ್ನುವುದು ಇದರ ಲೆಕ್ಕಾಚಾರ. ಆದರೆ ಹಳೆಯ ಸಿಲಿಂಡರಿನಲ್ಲಿ ಈ ಕಾವಲುಗಾರನನ್ನು ಪೂರ್ತಿ ನಂಬುವಂತಿಲ್ಲ. ಒಳಗೆ ತುಕ್ಕು ಹಿಡಿದಿದ್ದರೆ ಆ ತುಕ್ಕು ಮರ್‌ಕ್ಯಾಪ್ಟನ್ ಜೊತೆ ವರ್ತಿಸಿ ವಾಸನೆಯನ್ನು ಮಂಕು ಮಾಡುತ್ತದೆ. ನಮ್ಮ ಮೂಗೂ ಅಷ್ಟೆ, ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತಿದ್ದರೆ ಗ್ರಹಿಸುವುದನ್ನು ನಿಲ್ಲಿಸುತ್ತದೆ. ನೆಗಡಿ ಆದವರು, ವಯಸ್ಸಾದವರು, ಕೋವಿಡ್ ನಂತರ ವಾಸನೆ ಕಳೆದುಕೊಂಡವರು ಮನೆಯಲ್ಲಿದ್ದರೆ ಇನ್ನೂ ಕಷ್ಟ. ಹೊರಗಿನಿಂದ ಬಂದವರು "ಏನೋ ಗ್ಯಾಸ್ ವಾಸನೆ ಬರುತ್ತಿದೆಯಲ್ಲ" ಎಂದರೆ, "ನಮಗೇನೂ ಬರುತ್ತಿಲ್ಲ" ಎಂದು ವಾದಿಸಬೇಡಿ. ಅವರ ಮೂಗು ಹೊಸದು.

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ತರಬೇತಿ ಮುಗಿಸಿ ಊಟಕ್ಕೆ ಕರೆದಿದ್ದರು. ಕೈ ತೊಳೆಯಲು ಬಚ್ಚಲುಮನೆಗೆ ಹೋದೆ. ಮಲೆನಾಡಿನ ಬಚ್ಚಲು ಗೊತ್ತಲ್ಲ, ನೀರಿನ ಹಂಡೆಯ ಕೆಳಗೆ ಬೆಳಗಿನಿಂದ ಸಂಜೆತನಕ ಬೆಂಕಿ. ಅಡಿಕೆ ಹಾಳೆ, ಕುಂಟೆ, ಸೌದೆ ಎಲ್ಲ ಪಕ್ಕದಲ್ಲೇ ರಾಶಿ. ಆ ರಾಶಿಯ ಹಿಂದೆ ಒಂದು ಸಿಲಿಂಡರ್, ಮೇಲೆ ಒಣಗಲು ಹಾಕಿದ ಗೋಣಿ. ಮನೆಯ ಯಜಮಾನಿತಿಯನ್ನು ಕರೆದು ಕೇಳಿದೆ.

"ಅಮ್ಮಾ, ಇದು ಯಾಕೆ ಇಲ್ಲಿದೆ?"

"ಅಯ್ಯೋ, ಅದು ಖಾಲಿ ಮಾರಾಯಾ. ನಮ್ಮ ಮಾವನ ಕಾಲದ್ದು. ಎತ್ತಿ ಇಡಲಿಕ್ಕೆ ಬೇರೆ ಜಾಗ ಎಲ್ಲಿದೆ? ಎಂತದೂ ಆಗೂದಿಲ್ಲ ಅದಕ್ಕೆ."

ಅವರ ಮಾತಿಗೆ ಎದುರು ಹೇಳಲಿಲ್ಲ. ಹಂಡೆಯ ಬೆಂಕಿಯನ್ನು ಮೊದಲು ನೀರು ಹೊಯ್ದು ಆರಿಸಿ, ಹೊರಗಿನಿಂದ ಸೋಪಿನ ನೀರು ತರಿಸಿ, ವಾಲ್ವಿನ ಬಾಯಿಗೆ ನಾಲ್ಕು ಹನಿ ಬಿಟ್ಟೆ. ಒಂದು ಗುಳ್ಳೆ ಮೆಲ್ಲಗೆ ಉಬ್ಬಿತು, ಒಡೆಯಿತು. ಇನ್ನೊಂದು ಉಬ್ಬಿತು. ಮೂಗು ಹತ್ತಿರ ಒಯ್ದರೂ ವಾಸನೆ ಇದ್ದೂ ಇಲ್ಲದಂತಿತ್ತು. ಆ ತಾಯಿ ಕೂತು ಗುಳ್ಳೆಯನ್ನೇ ನೋಡಿದರು. ಆಮೇಲೆ ಅವರೇ ಮಗನನ್ನು ಕೂಗಿ, "ಇದನ್ನು ಹೊರಗೆ ತಗೋ, ಮಾರಾಯಾ" ಎಂದರು. ಸಿಲಿಂಡರಿನ ಮೂತಿಯ ಮುಚ್ಚಳ ಕಳೆದುಹೋಗಿತ್ತು. ಅಡುಗೆಮನೆಯಲ್ಲಿದ್ದ ಹೊಸ ಸಿಲಿಂಡರಿನ ಮುಚ್ಚಳ ತಂದು ಒತ್ತಿ ಕೂರಿಸಿದಾಗ ಗುಳ್ಳೆ ನಿಂತಿತು. ನೆಟ್ಟಗೆ ಹಿಡಿದು ಹೊತ್ತು ಅಂಗಳ ದಾಟಿಸಿ, ಬಾವಿಗೂ ಚರಂಡಿಗೂ ದೂರದಲ್ಲಿ, ಮರದ ನೆರಳಿನಲ್ಲಿ ಇಟ್ಟೆವು. ಏಜೆನ್ಸಿಯವರು ಬಂದು ಒಯ್ಯುವ ತನಕ ಆ ಕಡೆಗೆ ಯಾರೂ ಬೀಡಿ ಹಚ್ಚಿಕೊಂಡು ಹೋಗದ ಹಾಗೆ ನೋಡಿಕೊಂಡರು.

ಆ ಸಿಲಿಂಡರಿನ ಮೇಲೆ ‘ಡಿ-09’ ಎಂದು ಬರೆದಿತ್ತು. ಇದನ್ನು ಓದಲು ಎಲ್ಲರೂ ಕಲಿಯಬೇಕು, ಒಂದು ನಿಮಿಷದ ಕೆಲಸ. ಸಿಲಿಂಡರ್ ಎತ್ತಲು ಕೈ ಹಾಕುವ ಬಳೆ ಇದೆಯಲ್ಲ, ಅದನ್ನು ಹೊತ್ತು ನಿಂತ ಲೋಹದ ಪಟ್ಟಿಗಳಿವೆ. ಅವುಗಳಲ್ಲಿ ಒಂದರ ಒಳಮುಖಕ್ಕೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಎ ಎಂದರೆ ಮಾರ್ಚ್ ಕೊನೆ, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ಅಂಕಿ ಇಸವಿಯನ್ನು ಹೇಳುತ್ತದೆ. ‘ಬಿ-29’ ಎಂದಿದ್ದರೆ 2029ರ ಜೂನ್ ಒಳಗೆ ಆ ಸಿಲಿಂಡರ್ ಪರೀಕ್ಷೆಗೆ ಹೋಗಬೇಕು ಎಂದರ್ಥ. ಹೊಸ ಸಿಲಿಂಡರಿಗೆ ಮೊದಲ ಪರೀಕ್ಷೆ ಹತ್ತು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ. ಆ ದಿನ ದಾಟಿದ ಕೂಡಲೇ ಸಿಡಿದುಬಿಡುತ್ತದೆ ಎಂದು ಹೆದರಬೇಕಾಗಿಲ್ಲ, ಆದರೆ ದಿನ ದಾಟಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಡೆಲಿವರಿಗೆ ಬಂದವರು ಅಂಥದ್ದನ್ನು ಕೊಟ್ಟರೆ ಬೇಡ ಎನ್ನುವ ಹಕ್ಕು ನಿಮಗಿದೆ. ಡಿ-09 ಎಂದರೆ ನೀವೇ ಲೆಕ್ಕ ಹಾಕಿ.

ವಾಲ್ವಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹಳೆಯ ಸಿಲಿಂಡರ್ ಸೋರುವುದು ಹೆಚ್ಚಾಗಿ ಅಲ್ಲೇ. ಹಿತ್ತಾಳೆಯ ಆ ಬಾಯಿಯೊಳಗೆ ಇಣುಕಿದರೆ ನಡುವೆ ಒಂದು ಪಿನ್ ಕಾಣುತ್ತದೆ. ಅದರ ಕೆಳಗೆ ಸ್ಪ್ರಿಂಗ್. ರೆಗ್ಯುಲೇಟರ್ ಕೂರಿಸಿ ತಿರುಗಿಸಿದಾಗ ಪಿನ್ ಕೆಳಗೆ ಒತ್ತಿ ದಾರಿ ಬಿಡುತ್ತದೆ, ತೆಗೆದಾಗ ಸ್ಪ್ರಿಂಗ್ ತಾನಾಗಿ ಮೇಲೆ ತಳ್ಳಿ ಮುಚ್ಚುತ್ತದೆ. ಬಾಯಿಯ ಒಳಗಿನ ಗೋಡೆಯಲ್ಲಿ ಕಪ್ಪು ರಬ್ಬರ್ ವಾಷರ್ ಒಂದು ಕೂತಿರುತ್ತದೆ. ರೆಗ್ಯುಲೇಟರಿನ ಸುತ್ತ ಗ್ಯಾಸ್ ಬರದಂತೆ ತಡೆಯುವುದು ಅದರ ಕೆಲಸ. ವರ್ಷಗಳು ಕಳೆದಂತೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಇರುವೆ ಮಣ್ಣು ಕಟ್ಟುತ್ತದೆ, ಧೂಳು ಪಿನ್ನಿನ ಕೆಳಗೆ ಸೇರಿ ಅದು ಪೂರ್ತಿ ಮುಚ್ಚದ ಹಾಗೆ ಮಾಡುತ್ತದೆ. ಆಗ ನಮ್ಮವರು ಮಾಡುವ ಮೊದಲ ಕೆಲಸ ಸ್ಕ್ರೂಡ್ರೈವರಿನಿಂದಲೋ ಚಮಚದ ಹಿಡಿಯಿಂದಲೋ ಪಿನ್ನನ್ನು ಕುಟ್ಟುವುದು. ದಯವಿಟ್ಟು ಬೇಡ. ಕುಟ್ಟಿದಾಗ ಪಿನ್ ಕೆಳಗೇ ಸಿಕ್ಕಿಕೊಂಡರೆ ಗ್ಯಾಸ್ ಒಂದೇ ಸಮನೆ ನುಗ್ಗಿ ಬರುತ್ತದೆ, ಲೋಹಕ್ಕೆ ಲೋಹ ಬಡಿದರೆ ಕಿಡಿ ಹಾರಬಹುದು. ದ್ರವರೂಪದಲ್ಲಿ ಚಿಮ್ಮಿದರೆ ಕೈಗೆ ಹಿಮಗಾಯ ಆಗುತ್ತದೆ, ಸುಟ್ಟ ಹಾಗೇ ಬೊಬ್ಬೆ ಬರುತ್ತದೆ. ಅಂಟು ಹಚ್ಚುವುದು, ಎಂ-ಸೀಲ್ ಮೆತ್ತುವುದು, ಸೋಪಿನ ತುಂಡು ತುರುಕಿ ಬಟ್ಟೆ ಕಟ್ಟುವುದು, ಇವನ್ನೆಲ್ಲ ನಾನು ನೋಡಿದ್ದೇನೆ. ಮನೆಯವರು ಮಾಡಬಹುದಾದ ರಿಪೇರಿ ಒಂದೇ: ದಾರದಲ್ಲಿ ನೇತಾಡುವ ಆ ಮುಚ್ಚಳವನ್ನು ವಾಲ್ವಿನ ಮೇಲೆ ಒತ್ತಿ ಗಟ್ಟಿಯಾಗಿ ಕೂರಿಸುವುದು. ಅದಕ್ಕೇ ಅದನ್ನು ದಾರ ಹಾಕಿ ಕಟ್ಟಿರುವುದು. ಎಷ್ಟೋ ಮನೆಗಳಲ್ಲಿ ಮೊದಲ ದಿನವೇ ದಾರ ಕತ್ತರಿಸಿ ಮುಚ್ಚಳವನ್ನು ಮಕ್ಕಳಿಗೆ ಆಟಕ್ಕೆ ಕೊಟ್ಟಿರುತ್ತಾರೆ. ಇವತ್ತೇ ಹುಡುಕಿ ತೆಗೆದಿಡಿ.

ಇನ್ನೊಂದು ಜಾಗ ತಳ. ಸಿಲಿಂಡರಿನ ಉಕ್ಕಿನ ಗೋಡೆ ಎರಡೂವರೆ ಮೂರು ಮಿಲಿಮೀಟರಿನಷ್ಟೇ ದಪ್ಪ. ಕರಾವಳಿಯ ಉಪ್ಪು ಗಾಳಿ, ಮಲೆನಾಡಿನ ಮಳೆ, ಬಚ್ಚಲಿನ ಒದ್ದೆ ನೆಲ ಅದರ ಬುಡದ ಬಳೆಯನ್ನು ಮೊದಲು ತಿನ್ನುತ್ತವೆ. ಬಣ್ಣ ಎದ್ದು ಪದರ ಪದರವಾಗಿ ತುಕ್ಕು ಉದುರುತ್ತಿದ್ದರೆ, ಉಬ್ಬು ಅಥವಾ ಆಳವಾದ ತಗ್ಗು ಇದ್ದರೆ, ಆ ಸಿಲಿಂಡರನ್ನು ಉರುಳಿಸಬೇಡಿ, ಎತ್ತಿ ಕುಕ್ಕಬೇಡಿ, ತುಕ್ಕು ಕೆರೆಯಬೇಡಿ.

ಈಗ ಸೋರುತ್ತಿದೆ ಎಂದು ಗೊತ್ತಾದ ಕ್ಷಣಕ್ಕೆ ಬರೋಣ. ಬೆಂಕಿ, ದೀಪ, ಊದಿನಕಡ್ಡಿ ಏನಿದ್ದರೂ ಮೊದಲು ಆರಬೇಕು. ಸ್ವಿಚ್ಚಿಗೆ ಕೈ ಹಾಕಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಒಳಗೆ ಸಣ್ಣ ಕಿಡಿ ಹುಟ್ಟುತ್ತದೆ. ಗ್ಯಾಸ್ ಹೊರಹಾಕೋಣವೆಂದು ಎಕ್ಸಾಸ್ಟ್ ಫ್ಯಾನ್ ಹಾಕಿದ್ದು ಎಷ್ಟೋ ಮನೆಗಳಲ್ಲಿ ಕೊನೆಯ ತಪ್ಪಾಗಿದೆ. ಮೀಟರ್ ಬೋರ್ಡು ಮನೆಯ ಹೊರಗಿದ್ದರೆ ಅಲ್ಲಿಂದ ಮೇನ್ ತೆಗೆಯಬಹುದು, ಇಲ್ಲದಿದ್ದರೆ ಬಿಟ್ಟುಬಿಡಿ. ಬಾಗಿಲು ಕಿಟಕಿ ತೆರೆಯಿರಿ, ನೆಲಮಟ್ಟದ ಬಾಗಿಲನ್ನು ಮೊದಲು. ಮಕ್ಕಳನ್ನೂ ವಯಸ್ಸಾದವರನ್ನೂ ಹೊರಗೆ ಕಳಿಸಿ. ಸೋರಿಕೆ ಸಣ್ಣದಾಗಿದ್ದು ಮುಚ್ಚಳ ಹಾಕಿದಾಗ ನಿಂತರೆ ಸಿಲಿಂಡರನ್ನು ನೆಟ್ಟಗೆ ಹಿಡಿದೇ ಬಯಲಿಗೆ ಒಯ್ಯಿರಿ. ಮಲಗಿಸಿದರೆ ದ್ರವವೇ ವಾಲ್ವಿಗೆ ಬರುತ್ತದೆ. ಭುಸ್ ಎಂದು ಸದ್ದು ಮಾಡುತ್ತಾ ಸೋರುತ್ತಿದ್ದರೆ, ಕೋಣೆ ಆಗಲೇ ತುಂಬಿದ್ದರೆ, ಸಿಲಿಂಡರಿನ ಆಸೆ ಬಿಡಿ, ಜನ ಹೊರಗೆ ಬರಲಿ. ಫೋನನ್ನು ಹೊರಗೆ ಬಂದ ಮೇಲೆ, ದೂರ ಹೋದ ಮೇಲೆ ಮಾಡಿ. ಗ್ಯಾಸ್ ಸೋರಿಕೆಗೆ ದೇಶಕ್ಕೆಲ್ಲ ಒಂದೇ ನಂಬರ್ 1906, ಹಗಲು ರಾತ್ರಿ ಇರುತ್ತದೆ, ಯಾವ ಕಂಪನಿಯ ಸಿಲಿಂಡರ್ ಆದರೂ ಸರಿ. ಬೆಂಕಿ ಬಿದ್ದಿದ್ದರೆ 101 ಅಥವಾ 112. ಈ ನಂಬರುಗಳನ್ನು ಮೊಬೈಲಿನಲ್ಲಷ್ಟೇ ಉಳಿಸಿಟ್ಟುಕೊಂಡರೆ ಸಾಲದು. ಮುಂಬಾಗಿಲ ಹೊರಗೋಡೆಯ ಮೇಲೆ ಸೀಮೆಸುಣ್ಣದಲ್ಲಾದರೂ ಬರೆದಿಡಿ, ಆ ಹೊತ್ತಿನಲ್ಲಿ ಏನೂ ನೆನಪಾಗುವುದಿಲ್ಲ.

ವಾಲ್ವಿನಲ್ಲೇ ಉರಿ ಹತ್ತಿಕೊಂಡರೆ? ರೆಗ್ಯುಲೇಟರ್ ಇದ್ದು, ಕೈ ತಲುಪುವಂತಿದ್ದರೆ ಆಫ್ ಮಾಡಿದಾಗ ಉರಿ ನಿಲ್ಲುತ್ತದೆ. ತಲುಪದಿದ್ದರೆ ಹತ್ತಿರ ಹೋಗಬೇಡಿ. ಸೋರಿಕೆ ನಿಲ್ಲಿಸದೆ ಉರಿ ಮಾತ್ರ ಆರಿಸಿದರೆ ಸುಡದ ಗ್ಯಾಸ್ ಕೋಣೆ ತುಂಬಿ, ಇನ್ನೊಂದು ಕಿಡಿಗೆ ಕಾಯುತ್ತದೆ. ಅಗ್ನಿಶಾಮಕ ದಳದವರು ಇದನ್ನು ಬಲ್ಲರು, ಅದಕ್ಕೆ ಅವರು ಕೆಲವೊಮ್ಮೆ ಉರಿಯಲು ಬಿಟ್ಟು ಸುತ್ತಲೂ ನೀರು ಹಾಯಿಸಿ ತಂಪು ಮಾಡುತ್ತಾರೆ. ಉರಿಯುವ ಮನೆಯೊಳಗೆ ಸಿಲಿಂಡರ್ ಸಿಕ್ಕಿಕೊಂಡರೆ ಶಾಖಕ್ಕೆ ಒಳಗಿನ ಒತ್ತಡ ಏರುತ್ತದೆ, ಉಕ್ಕು ಮೆತ್ತಗಾಗುತ್ತದೆ, ಒಂದು ಗಳಿಗೆಯಲ್ಲಿ ಹರಿದು ಹೋಗುತ್ತದೆ. ಬೀದಿಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ಹಿಡಿಯುವ ಯುವಕರನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ, ಆ ಬೀದಿಯಲ್ಲೇ ನಿಲ್ಲಬೇಡಿ ತಮ್ಮಂದಿರಾ.

ಸೋರಿಕೆ ನಿಂತಿತು, ಅಪಾಯ ತಪ್ಪಿತು, ಸಿಲಿಂಡರ್ ಅಂಗಳದಲ್ಲಿದೆ. ಈಗ ಅದನ್ನು ಏನು ಮಾಡುವುದು? ನಮ್ಮ ಊರುಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಗುಜರಿಯವನಿಗೆ ಕೊಡು. ಹದಿನೈದು ಹದಿನಾರು ಕೆಜಿ ಕಬ್ಬಿಣ, ಒಳ್ಳೆ ದುಡ್ಡು. ನನ್ನ ಇಡೀ ಭಾಷಣದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸಿಲಿಂಡರ್ ನಮ್ಮದಲ್ಲ. ನಾವು ಕಟ್ಟಿದ್ದು ಠೇವಣಿ, ಬೆಲೆಯಲ್ಲ. ಅದು ಎಂದಿಗೂ ಕಂಪನಿಯ ಸ್ವತ್ತು. ಮಾರುವ ಹಕ್ಕೂ ನಮಗಿಲ್ಲ, ಕತ್ತರಿಸುವ ಹಕ್ಕೂ ಇಲ್ಲ. ಕಾನೂನಿನ ಮಾತು ಬಿಟ್ಟು ಮನುಷ್ಯರ ಮಾತು ಹೇಳುವುದಾದರೆ, ಗುಜರಿ ಅಂಗಡಿಯಲ್ಲಿ ಗ್ಯಾಸ್ ಕಟರ್ ಹಿಡಿದು ಅದನ್ನು ಸೀಳಲು ಕೂರುವವನು ಯಾರದೋ ಮನೆಯ ಹುಡುಗ. ದಿನಗೂಲಿಗೆ ಬಂದವನು, ಚಪ್ಪಲಿ ಹಾಕಿ ಕೂತವನು. ಒಳಗೆ ಉಳಿದ ಆವಿಗೆ ಗಾಳಿ ಸೇರಿರುತ್ತದೆ, ಅವನ ಕೈಯಲ್ಲಿರುವುದು ಬೆಂಕಿ. ನಮಗೆ ಸಿಗುವ ನಾಲ್ಕುನೂರು ಐನೂರು ರೂಪಾಯಿಗೆ ಅವನ ಜೀವವನ್ನು ಪಣಕ್ಕಿಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಹಿತ್ತಿಲಿಗೆ ಒಯ್ದು ವಾಲ್ವ್ ಒತ್ತಿ ಗ್ಯಾಸ್ ಬಿಟ್ಟು ಖಾಲಿ ಮಾಡಿ ಕೊಡುತ್ತೇವೆ ಎನ್ನುವವರೂ ಇದ್ದಾರೆ. ಬಿಟ್ಟ ಗ್ಯಾಸ್ ನೆಲ ಹಿಡಿದು ಪಕ್ಕದವರ ಒಲೆಯತ್ತ ಹೋಗಬಹುದು. ಎಷ್ಟು ಬಿಟ್ಟರೂ ಒಳಗೆ ಉಳಿಯುವುದು ಉಳಿಯುತ್ತದೆ. ಬಾವಿಗೆ, ಕೆರೆಗೆ ಎಸೆಯುವುದು, ಮಣ್ಣಲ್ಲಿ ಹೂಳುವುದು ಇನ್ನೊಂದು ಪೀಳಿಗೆಗೆ ಅಪಾಯ ದಾಟಿಸುವ ಕೆಲಸ. ಒಲೆಯಾಗಿಯೋ ಗಂಟೆಯಾಗಿಯೋ ಮಾಡಿಸೋಣವೆಂದು ವೆಲ್ಡಿಂಗ್ ಅಂಗಡಿಗೆ ಒಯ್ಯುವುದಂತೂ ಬೇಡವೇ ಬೇಡ.

ಸರಿಯಾದ ದಾರಿ ಒಂದೇ, ಅದು ಬಂದ ದಾರಿ. ಆ ಕಂಪನಿಯ ಹತ್ತಿರದ ಏಜೆನ್ಸಿಗೆ ತಿಳಿಸಿ. ಸಂಪರ್ಕ ಕೊಟ್ಟಾಗ ಒಂದು ವೋಚರ್ ಕೊಟ್ಟಿರುತ್ತಾರೆ, ಠೇವಣಿಯ ಮೊತ್ತ ಅದರಲ್ಲಿ ಬರೆದಿರುತ್ತದೆ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಒಪ್ಪಿಸಿದರೆ ಸಂಪರ್ಕ ಮುಗಿದ ವೋಚರ್ ಕೊಟ್ಟು ಆ ಠೇವಣಿಯನ್ನು ಹಿಂದಿರುಗಿಸುತ್ತಾರೆ. ಮೂಲ ವೋಚರ್ ಕಳೆದಿದ್ದರೆ ಬರಹದಲ್ಲಿ ಹೇಳಿಕೆ ಕೊಡಬೇಕಾಗುತ್ತದೆ. ಹೆಸರಿದ್ದವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ತೋರಿಸಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬಹುದು ಅಥವಾ ಮುಗಿಸಬಹುದು. ಮಾವನ ಕಾಲದ ಠೇವಣಿ ಇವತ್ತಿನ ದುಡ್ಡಿನಲ್ಲಿ ಅಲ್ಪವೇ. ಜನ ಗುಜರಿಯ ಕಡೆ ತಿರುಗುವುದಕ್ಕೆ ಅದೂ ಒಂದು ಕಾರಣ ಎನ್ನುವುದನ್ನು ನಾನು ಬಲ್ಲೆ. ಕೌಂಟರಿನಲ್ಲಿ "ನಾಳೆ ಬನ್ನಿ, ಪೇಪರ್ ತನ್ನಿ" ಎಂದು ಅಲೆಸುವ ಕಡೆಗಳೂ ಇವೆ, ಅದು ತಪ್ಪು. ಹಳೆಯ ಸಿಲಿಂಡರ್ ಹಿಡಿದು ಬಂದ ಮನುಷ್ಯನನ್ನು ಕಾಯಿಸಬಾರದು, ಅವನು ಊರಿಗೆ ಉಪಕಾರ ಮಾಡಲು ಬಂದಿದ್ದಾನೆ. ಸೋರುವ ಸಿಲಿಂಡರನ್ನು ಮಾತ್ರ ನೀವು ಸಾಗಿಸಬೇಡಿ. ಕಾರಿನ ಡಿಕ್ಕಿಯಲ್ಲಿ, ಪರದೆ ಎಳೆದ ಆಟೋದಲ್ಲಿ ಇಟ್ಟರೆ ಗ್ಯಾಸ್ ಕಟ್ಟಿಕೊಳ್ಳುತ್ತದೆ. ಬಸ್ಸು ರೈಲಿನಲ್ಲಿ ಒಯ್ಯುವಂತೆಯೇ ಇಲ್ಲ. ಮೆಕ್ಯಾನಿಕ್ ಬರಲಿ, ಅವರೇ ಒಯ್ಯಲಿ.

ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ತಿಳಿದರೆ ಹಳೆಯ ಸಿಲಿಂಡರನ್ನು ನಾವೇ ವಿಲೇವಾರಿ ಮಾಡುವುದು ಏಕೆ ಸಾಧ್ಯವಿಲ್ಲ ಎನ್ನುವುದೂ ಗೊತ್ತಾಗುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಮೊದಲು ಉಳಿದ ಗ್ಯಾಸನ್ನು ಪೂರ್ತಿ ಹೊರತೆಗೆಯುತ್ತಾರೆ. ವಾಲ್ವ್ ಬಿಚ್ಚಿ ಒಳಗೂ ಹೊರಗೂ ನೋಡುತ್ತಾರೆ. ತುಕ್ಕು ಬಣ್ಣ ಎಲ್ಲ ಕಿತ್ತು ಹಾಕಿ, ನೀರು ತುಂಬಿ, ಪ್ರತಿ ಚದರ ಸೆಂಟಿಮೀಟರಿಗೆ 25 ಕೆಜಿಯಷ್ಟು ಒತ್ತಡ ಹಾಕುತ್ತಾರೆ. ನಮ್ಮ ಬೇಸಿಗೆಯಲ್ಲಿ ಸಿಲಿಂಡರ್ ಹೊರಬೇಕಾದ ಒತ್ತಡಕ್ಕಿಂತ ಅದು ಎಷ್ಟೋ ಹೆಚ್ಚು. ತೂಕ ನೋಡುತ್ತಾರೆ, ಏಕೆಂದರೆ ತುಕ್ಕು ತಿಂದ ಸಿಲಿಂಡರ್ ಹಗುರಾಗಿರುತ್ತದೆ. ಗೆದ್ದರೆ ವಾಲ್ವ್ ಹಾಕಿ, ಬಣ್ಣ ಬಳಿದು, ಹೊಸ ದಿನಾಂಕ ಬರೆದು ಮತ್ತೆ ಬಳಕೆಗೆ. ಸೋತರೆ ನಾಶ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅದನ್ನು ಹೇಗೆ ನಾಶ ಮಾಡಬೇಕೆಂದೂ ಹೇಳುತ್ತವೆ: ಪೂರ್ತಿ ಚಪ್ಪಟೆ ಮಾಡಬೇಕು, ಇಲ್ಲವೇ ಮತ್ತೆ ವೆಲ್ಡ್ ಮಾಡಿ ಸಿಲಿಂಡರ್ ಕಟ್ಟಲಾಗದ ಹಾಗೆ ತುಂಡು ಮಾಡಬೇಕು. ಈ ನಿಯಮಗಳ ಮೇಲ್ವಿಚಾರಣೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯದು.

ಇಷ್ಟು ಹೇಳಿದ ಮೇಲೆ ಒಂದು ಜಾತಿಯ ಸಿಲಿಂಡರ್ ಉಳಿಯುತ್ತದೆ, ಬಂದ ದಾರಿಯೇ ಗೊತ್ತಿಲ್ಲದ್ದು. ಬೆಂಗಳೂರಿನ, ಮೈಸೂರಿನ ಗಲ್ಲಿಗಳಲ್ಲಿ ಎರಡು ಮೂರು ಕೆಜಿಯ ಸಣ್ಣ ಸಿಲಿಂಡರ್ ಸಿಗುತ್ತದೆ, ತಲೆಯ ಮೇಲೇ ಬರ್ನರ್ ಕೂರಿಸಿದ್ದು. ಅವುಗಳಲ್ಲಿ ಬಹಳಷ್ಟಕ್ಕೆ ಐಎಸ್‌ಐ ಗುರುತಿಲ್ಲ, ಪರೀಕ್ಷೆಯ ದಿನಾಂಕವಿಲ್ಲ. ದೊಡ್ಡ ಸಿಲಿಂಡರನ್ನು ತಲೆಕೆಳಗು ಮಾಡಿ ಕೊಳವೆ ಹಾಕಿ ಅಂಗಡಿಯ ಹಿಂದಿನ ಕತ್ತಲೆಯಲ್ಲಿ ತುಂಬುತ್ತಾರೆ. ಪರವಾನಗಿ ಇಲ್ಲದೆ ಹೀಗೆ ಒಂದರಿಂದ ಇನ್ನೊಂದಕ್ಕೆ ತುಂಬುವುದು ಅಪರಾಧ. ಎಷ್ಟು ತುಂಬಬೇಕೆಂಬ ಅಳತೆಯೂ ಇರುವುದಿಲ್ಲ. ದ್ರವ ಹಿಗ್ಗಲು ಒಳಗೆ ಖಾಲಿ ಜಾಗ ಬೇಕು, ಅದೂ ಉಳಿಯುವುದಿಲ್ಲ. ಓದಲು ಬಂದ ಹುಡುಗರು, ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಬಿಹಾರದಿಂದ ಬಂದವರು ಬೇರೆ ದಾರಿ ತಿಳಿಯದೆ ಇದನ್ನೇ ಕೊಳ್ಳುತ್ತಾರೆ. ಅವರಿಗೆ ಹೇಳಿ: ಕಂಪನಿಗಳದ್ದೇ 5 ಕೆಜಿಯ ಸಿಲಿಂಡರ್ ಏಜೆನ್ಸಿಗಳಲ್ಲಿ ಸಿಗುತ್ತದೆ, ವಿಳಾಸದ ದಾಖಲೆ ಬೇಡ, ಒಂದು ಗುರುತಿನ ಚೀಟಿ ಸಾಕು, ತಿರುಗಿ ಕೊಡಲೂ ಬರುತ್ತದೆ. ಮನೆ ಬಾಡಿಗೆಗೆ ಕೊಟ್ಟವರಿಗೂ ಒಂದು ಮಾತು. ಬಾಡಿಗೆದಾರರು ಖಾಲಿ ಮಾಡಿದ ದಿನ ಗೋಡೆಯ ಮೊಳೆ, ನಲ್ಲಿ, ಬಲ್ಬು ಎಣಿಸುತ್ತೀರಿ. ಮೆಟ್ಟಿಲ ಕೆಳಗೂ ಬಗ್ಗಿ ನೋಡಿ. ಅಂಥ ಗುರುತಿಲ್ಲದ ಸಣ್ಣ ಸಿಲಿಂಡರ್ ಸಿಕ್ಕರೆ ಬರ್ನರ್ ತಿರುಗಿಸಿ ಗ್ಯಾಸ್ ಇದೆಯೇ ಎಂದು ಪರೀಕ್ಷಿಸಬೇಡಿ, ಗುಜರಿಗೂ ಕೊಡಬೇಡಿ. ನೆರಳಿರುವ ಬಯಲಿನಲ್ಲಿ ನೆಟ್ಟಗೆ ಇಟ್ಟು ಹತ್ತಿರದ ಅಗ್ನಿಶಾಮಕ ಠಾಣೆಗೆ ತಿಳಿಸಿ. ಕಂಪನಿಯ ಹೆಸರಿರುವ ಸಿಲಿಂಡರ್ ಆದರೆ, ಯಾರ ಹೆಸರಿನಲ್ಲಿ ಬಂದದ್ದು ಎಂದು ತಿಳಿಯದಿದ್ದರೂ ಆ ಕಂಪನಿಯ ಏಜೆನ್ಸಿಗೆ ಫೋನ್ ಮಾಡಿ. ಅದು ಅವರದೇ ಸ್ವತ್ತು.